ಹೆಸರು ಹೊಡೆಯುವ ಶಾಲೆ, ಹೆಸರು ಕೊಡುವ ಟೋಳಿ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಬಂಧುಗಳು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಗಡಿನಾಡಿನ ಶಾಸನಗಳೋ, ಮಠಗಳ ಸಾಹಿತ್ಯ ಸೇವೆಯೋ ಆಗಿದ್ದೀತು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿದ್ದಾರೆ. ನಾನು ಬರೆಯಹೊರಟಿರುವುದು ಕೊಯ್ತಾದ ಬಗ್ಗೆ. ಸಾಹಿತ್ಯದ ಮಂಗಲಕಾರ್ಯದಲ್ಲಿ ಇದೆಂಥ ಅಪಶಕುನದ ಮಾತು ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಕೊಲ್ಹಾಪುರದ ಅಂಬಾಬಾಯಿ ಗುಡಿಯ ಕನ್ನಡ ಶಾಸನಗಳನ್ನು ನಾಳೆ ಓದಬೇಕಾದ ಕಣ್ಣುಗಳು ಇಂದು ಶಾಲೆಯ ಬೆಂಚಿನ ಮೇಲೆ ಇರಬೇಕು. ಅವುಗಳಲ್ಲಿ ಕೆಲವು ಈಗ ಶಾಲೆಯ ಗೇಟಿನ ಹೊರಗಿನ ಪಾನಪಟ್ಟಿಯ ಬಳಿ ನಿಂತಿವೆ. ಅಲ್ಲಿಗೆ ಅವನ್ನು ತಳ್ಳಿದವರು ಯಾರು ಎಂಬುದೇ ಈ ಲೇಖನದ ಪ್ರಶ್ನೆ.

ಕೊಯ್ತಾ ನಮ್ಮ ಭಾಗಕ್ಕೆ ಹೊಸದಲ್ಲ. ಸುಗ್ಗಿ ಬಂತೆಂದರೆ ಬೀಡ ಜಿಲ್ಲೆಯ ಕಬ್ಬು ಕಡಿಯುವವರು ಎತ್ತಿನ ಗಾಡಿ, ಟ್ರ್ಯಾಕ್ಟರುಗಳೊಡನೆ ನಮ್ಮ ಹೊಲಗಳಿಗೆ ಬಂದಿಳಿಯುತ್ತಾರೆ. ಗಂಡ ಹೆಂಡತಿಯ ಒಂದು ಜೋಡಿಯನ್ನು ಮುಕಾದಮನು ‘ಒಂದು ಕೊಯ್ತಾ’ ಎಂದೇ ಲೆಕ್ಕಕ್ಕೆ ಹಿಡಿಯುತ್ತಾನೆ. ಇಂಥ ಜೋಡಿಗಳ ಗುಂಪಿಗೆ ‘ಟೋಳಿ’ ಎಂದು ಹೆಸರು. ಹೀಗೆ ಕೊಯ್ತಾ, ಟೋಳಿ ಎರಡೂ ದುಡಿಮೆಯ ಶಬ್ದಗಳು, ಅನ್ನದ ಶಬ್ದಗಳು. ಇವೇ ಎರಡು ಶಬ್ದಗಳು ಇಂದು ಪತ್ರಿಕೆಯ ಅಪರಾಧದ ಪುಟಕ್ಕೆ ವರ್ಗವಾಗಿವೆ. 2022-23ರ ಸುಮಾರಿಗೆ ಪುಣೆಯ ಪತ್ರಿಕೆಗಳಲ್ಲಿ ‘ಕೊಯ್ತಾ ಗ್ಯಾಂಗ್’ ಎಂಬ ಮಾತು ದಿನನಿತ್ಯದ್ದಾಯಿತು. ಹದಿನೈದು, ಹದಿನಾರರ ಹುಡುಗರು ಕೊಯ್ತಾ ಬೀಸುತ್ತ ಓಣಿಯಲ್ಲಿ ನಡೆಯುವುದು, ವಾಹನಗಳ ಗಾಜು ಒಡೆಯುವುದು, ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುವುದು ಒಂದು ಪಿಡುಗಾಗಿ ಬೆಳೆಯಿತು. ಪುಣೆಯಿಂದ ಕೊಲ್ಹಾಪುರಕ್ಕೆ ದಾರಿ ದೂರವಿಲ್ಲ; ಮೊಬೈಲಿಗಂತೂ ದಾರಿಯೇ ಬೇಕಿಲ್ಲ. ತಲವಾರಿನಿಂದ ಹುಟ್ಟುಹಬ್ಬದ ಕೇಕು ಕತ್ತರಿಸುವ ‘ದಾದಾ’, ಅವನ ಫ್ಲೆಕ್ಸಿನ ಕೆಳಸಾಲಿನಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ಮುಖ ಮಾಡಿಕೊಂಡಿರುವ ನಮ್ಮ ಒಂಬತ್ತನೇ ಇಯತ್ತೆಯ ಹುಡುಗ: ಇದು ಇಂದು ನಮ್ಮ ಚೌಕಗಳಲ್ಲಿ ಯಾರೂ ಕಾಣಬಹುದಾದ ದೃಶ್ಯ.

ಶಾಲೆಯೊಳಗಿನ ಜಗಳಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ. “ಖುನ್ನಸ ಹಿಡಿದು ನನ್ನ ಕಡೆ ನೋಡಿದ”, “ನನ್ನ ಸ್ಟೇಟಸ್ಸಿಗೆ ನಕ್ಕ”, “ನಮ್ಮ ಓಣಿಗೆ ಬಂದು ಹಾರ್ನ್ ಹೊಡೆದ”. ಆದರೆ ಇದೇ ಕ್ಷುಲ್ಲಕ ಕಾರಣಕ್ಕೆ ಸಂಜೆ ಎರಡು ಪೇಟೆಗಳ ಹತ್ತು ಹತ್ತು ಹುಡುಗರು ಕೂಡಿದಾಗ, ಅವರಲ್ಲೊಬ್ಬನ ದಪ್ತರದಲ್ಲಿ ಪುಸ್ತಕದ ನಡುವೆ ಚಾಕು ಇದ್ದಾಗ, ನಗು ಅಲ್ಲಿಗೇ ನಿಲ್ಲುತ್ತದೆ.

ಮೂರು ಸುಲಭ ಮದ್ದುಗಳು

ಈ ರೋಗಕ್ಕೆ ನಮ್ಮ ಸಂಸ್ಥೆಗಳ ಬಳಿ, ಪಾಲಕರ ಸಭೆಗಳ ಬಳಿ ಮೂರು ಮದ್ದುಗಳಿವೆ. ಮೂರನ್ನೂ ಪರೀಕ್ಷಿಸೋಣ.

ಮೊದಲನೆಯದು ‘ದಾಖಲಾ’ ಕೈಗಿಡುವುದು. ಹುಡುಗ ಕೆಟ್ಟ, ಹೆಸರು ಹೊಡೆಯಿರಿ, ಪೀಡೆ ಕಳೆಯಲಿ. ಶಿಕ್ಷಣ ಹಕ್ಕಿನ 2009ರ ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ಇಯತ್ತೆಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದುರ್ದೈವವೆಂದರೆ ಕಾಯ್ದೆ ಎಂಟನೇ ಇಯತ್ತೆಗೆ ನಿಂತುಬಿಡುತ್ತದೆ. ಟೋಳಿ ಒಂಬತ್ತನೇ ಇಯತ್ತೆಗೆ ಪ್ರಾರಂಭವಾಗುತ್ತದೆ. ಒಂಬತ್ತರಲ್ಲಿ ನಡೆಯುವುದೇನೆಂದು ಒಳಗಿನವರಿಗೆ ಗೊತ್ತು. ಹತ್ತನೆಯ ಇಯತ್ತೆಯ ಫಲಿತಾಂಶ ನೂರಕ್ಕೆ ನೂರು ಆಗಬೇಕು, ಶಾಲೆಯ ಗೋಡೆಯ ಮೇಲೆ ಫ್ಲೆಕ್ಸ್ ಏರಬೇಕು. ಅದಕ್ಕಾಗಿ ಓದದ, ಒರಟನಾದ ಹುಡುಗನ ತಂದೆಯನ್ನು ಕರೆಸಿ, ಬಹು ಸೌಜನ್ಯದಿಂದ, “ಇವನನ್ನು 17 ನಂಬರಿನ ಫಾರ್ಮಿನ ಮೇಲೆ ಹೊರಗಿನಿಂದ ಕೂಡಿಸಿರಿ” ಎಂದು ಹೇಳಲಾಗುತ್ತದೆ. ಖಾಸಗಿಯಾಗಿ ಪರೀಕ್ಷೆಗೆ ಕೂಡುವ ಪ್ರೌಢರಿಗೆ, ನಡುವೆ ಶಾಲೆ ಬಿಟ್ಟ ದುಡಿಯುವ ಮಕ್ಕಳಿಗೆ ಉಪಕಾರವಾಗಲೆಂದು ಮಾಡಿದ ಸೌಲಭ್ಯವದು. ಅದು ಹುಡುಗರನ್ನು ಹೊರಸಾಗಿಸುವ ಹಿತ್ತಲ ಬಾಗಿಲಾಗಿದೆ.

ಅಂಥ ಒಬ್ಬ ಹುಡುಗನನ್ನು ನಾನು ಬಲ್ಲೆ. ಊರಿನ, ಶಾಲೆಯ ಹೆಸರು ಇಲ್ಲಿ ಬೇಡ. ತಂದೆ ರಾತ್ರಿಪಾಳಿಯ ಮಾಗದವನು, ತಾಯಿ ಕಾಂಡಿ ಸುತ್ತುವವಳು. ಸೈಕಲ್ ನಿಲ್ಲಿಸುವ ಜಾಗದ ಸಣ್ಣ ಜಗಳ. ಎದುರಿನ ಹುಡುಗನ ತುಟಿ ಒಡೆಯಿತು. ಎರಡು ದಿನಗಳಲ್ಲಿ ಕಾಗದಪತ್ರ ಮುಗಿಯಿತು. ಶಾಲೆಗೆ ಶಾಂತಿ ಸಿಕ್ಕಿತು. ಹುಡುಗನಿಗೆ ಬೆಳಗಿನ ಹತ್ತೂವರೆಯಿಂದ ಸಂಜೆ ಐದರವರೆಗೆ ಹೋಗಲು ಸ್ಥಳವಿಲ್ಲದಾಯಿತು. ಮನೆಯಲ್ಲಿ ರಾತ್ರಿಪಾಳಿ ಮುಗಿಸಿದ ತಂದೆ ಮಲಗಿರುತ್ತಾನೆ, ಸದ್ದು ಮಾಡುವಂತಿಲ್ಲ. ಪಾನಪಟ್ಟಿಯವನು ಮಾತ್ರ “ಬಾರಪ್ಪಾ, ಕೂಡು” ಎಂದ. ಮಳೆಗಾಲ ಕಳೆಯುವಷ್ಟರಲ್ಲಿ ಅವನ ಕೈಯಲ್ಲಿ ಇನ್ನಾರದೋ ಮೋಟರ್‌ಸೈಕಲ್ಲಿನ ಕೀಲಿಕೈ ಇತ್ತು. ಮುಂದಿನ ಬೇಸಿಗೆಯಲ್ಲಿ ಅವನು ನಿರೀಕ್ಷಣಾ ಗೃಹದಲ್ಲಿದ್ದ. ಶಾಲೆಯ ರಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ‘ಪಾಲಕರ ವಿನಂತಿಯ ಮೇರೆಗೆ’ ಎಂದು ಬರೆದಿದೆ.

‘ಒಂದು ಕೊಳೆತ ಮಾವು ಇಡೀ ಅಡಿಯನ್ನು ಕೊಳೆಸುತ್ತದೆ’ ಎಂಬ ಮರಾಠಿ ಗಾದೆಯನ್ನು ಇಂಥ ಸಮಯದಲ್ಲಿ ಎಲ್ಲರೂ ಹೇಳುತ್ತಾರೆ. ಸ್ವಾಮಿ, ಎಸೆದ ಮಾವು ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆ. ಎಸೆದ ಹುಡುಗ ನಿಮ್ಮ ಗೇಟಿನ ಎದುರಿಗೇ ನಿಲ್ಲುತ್ತಾನೆ, ಒಳಗಿರುವ ನಾಲ್ವರು ಗೆಳೆಯರನ್ನು ಕೈಬೀಸಿ ಕರೆಯುತ್ತಾನೆ. ಅಮೇರಿಕೆಯವರು ಈ ಮದ್ದನ್ನು ದೇಶವ್ಯಾಪಿಯಾಗಿ ಕುಡಿದು ನೋಡಿದ್ದಾರೆ. 1994ರ ಅವರ ಕಾಯ್ದೆಯೊಂದು ಶಾಲೆಗೆ ಬಂದೂಕು ತಂದವನನ್ನು ಒಂದು ವರ್ಷ ಹೊರಹಾಕಬೇಕೆಂದು ವಿಧಿಸಿತು. ಕ್ರಮೇಣ ಶಾಲೆಗಳು ಸಣ್ಣ ತಪ್ಪುಗಳಿಗೂ ಇದೇ ನೀತಿಯನ್ನು ಹಿಗ್ಗಿಸಿದವು. 2008ರಲ್ಲಿ ಅಲ್ಲಿಯ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಸ್ಥೆಯ ಸಮಿತಿಯು ಇಂಥ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದುದಕ್ಕೆ ಆಧಾರವಿಲ್ಲವೆಂದು ಹೇಳಿತು. ಅವರು ಉಗುಳಿದ ಕಷಾಯವನ್ನು ನಾವು ಹೊಸ ಔಷಧವೆಂದು ಹಂಚುತ್ತಿದ್ದೇವೆ.

ಎರಡನೆಯ ಮದ್ದು ಬೆತ್ತ. “ನಮ್ಮ ಕಾಲದ ಮಾಸ್ತರರು ಬಾರಿಸುತ್ತಿದ್ದರು, ಅದಕ್ಕೇ ನಾವು ಮನುಷ್ಯರಾದೆವು” ಎಂದು ಹೇಳದ ಪಾಲಕರ ಸಭೆಯೇ ಇಲ್ಲ. ಮೇಲೆ ಹೇಳಿದ ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಕಾಯ್ದೆಯ ಮಾತು ಅಲ್ಲಿಗೆ ಸಾಕು. ನಾನು ಹೇಳುವುದು ಅನುಭವದ ಮಾತು. ಮನೆಯಲ್ಲಿ ಏಟು, ಶಾಲೆಯಲ್ಲಿ ಏಟು ತಿಂದ ಹುಡುಗ ಕಲಿಯುವ ಪಾಠ ಒಂದೇ: ಕೋಲು ಯಾರ ಕೈಯಲ್ಲಿದೆಯೋ ಅವನು ಹೇಳಿದ್ದು ನಿಜ. ಆ ಪಾಠವನ್ನು ಚೆನ್ನಾಗಿ ಕಲಿತವನು ಕೋಲಿಗಿಂತ ಹರಿತವಾದುದನ್ನು ಹುಡುಕಿಕೊಂಡು ಹೋಗುತ್ತಾನೆ. ಅಂಥವನಿಗೆ ಕಲಿಸಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಕೈ ಎತ್ತುತ್ತೇವೆ?

ಮೂರನೆಯದು ಕ್ಯಾಮೆರಾ ಮತ್ತು ಪೊಲೀಸರು. ಕ್ಯಾಮೆರಾ ಬೇಡವೆನ್ನುವುದಿಲ್ಲ, ಹೆಣ್ಣುಮಕ್ಕಳ ಸುರಕ್ಷಿತತೆಗೆ ಅದು ಇರಲಿ. ಆದರೆ ಕ್ಯಾಮೆರಾ ಕಾಂಪೌಂಡಿನ ಒಳಗನ್ನು ನೋಡುತ್ತದೆ. ಜಗಳ ನಡೆಯುವುದು ಎಸ್.ಟಿ. ಸ್ಟ್ಯಾಂಡಿನ ಹಿಂದೆ, ಟ್ಯೂಶನ್ನಿನ ಓಣಿಯಲ್ಲಿ, ನದಿಯ ಘಾಟಿನಲ್ಲಿ. ನಡೆದ ಮೇಲೆ ಯಾರು ಹೊಡೆದರೆಂದು ತೋರಿಸುವ ಯಂತ್ರವು ಹೊಡೆಯುವ ಮೊದಲು ಆ ಹುಡುಗನ ಹೆಗಲ ಮೇಲೆ ಕೈ ಇಡಲಾರದು. ಇನ್ನು ‘ಸಂಶಯಾಸ್ಪದ’ ವಿದ್ಯಾರ್ಥಿಗಳ ಪಟ್ಟಿ ಮಾಡಿ ಠಾಣೆಗೆ ಕೊಡಬೇಕೆನ್ನುವವರಿದ್ದಾರೆ. ಅವರಿಗೆ ನಮ್ಮ ಊರಿನ ಇತಿಹಾಸವನ್ನೇ ನೆನಪಿಸಬೇಕಾಗುತ್ತದೆ.

ಶಾಹೂ ಮಹಾರಾಜರ ಊರಿನಲ್ಲಿ

ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿ ಇಡೀ ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಏರಿಸಿದರು. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಅವರನ್ನು ‘ಸೆಟ್ಲಮೆಂಟ್’ಗಳಲ್ಲಿ ಕೂಡಿಹಾಕಿದ ಕಥೆ ನಮ್ಮ ಹಿರಿಯರಿಗೆ ಗೊತ್ತು. ಸಂಸ್ಥಾನಗಳಲ್ಲಿಯೂ ಇಂಥ ಜನ ಸರಕಾರಿ ಚಾವಡಿಯಲ್ಲಿ ದಿನಾ ‘ಹಾಜರಿ’ ಕೊಡಬೇಕಾಗಿತ್ತು. ರಾಜರ್ಷಿ ಶಾಹೂ ಮಹಾರಾಜರು 1918ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಈ ಹಾಜರಿ ಪದ್ಧತಿಯನ್ನು ತೆಗೆದುಹಾಕಿದರು. ಬೇಟೆ, ಕಳವುಗಳೇ ಬದುಕೆಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಫಾಸೆಪಾರಧಿಗಳಿಗೆ ಕೆಲಸ ಕೊಟ್ಟು ನಂಬಿಗೆ ಇಟ್ಟರು. ಪಟ್ಟಿಯಿಂದ ಮನುಷ್ಯ ಸುಧಾರಿಸುವುದಿಲ್ಲ, ಹೊಣೆಯಿಂದ ಸುಧಾರಿಸುತ್ತಾನೆ ಎಂಬುದನ್ನು ನೂರು ವರ್ಷಗಳ ಹಿಂದೆ ಒಬ್ಬ ಅರಸ ಇದೇ ನೆಲದಲ್ಲಿ ತೋರಿಸಿದ್ದಾನೆ. ಅವನ ಪ್ರತಿಮೆಗೆ ವರ್ಷಕ್ಕೊಮ್ಮೆ ಮಾಲೆ ಹಾಕಿ, ಮಾರನೆಯ ದಿನ ಹದಿನಾಲ್ಕರ ಹುಡುಗರ ಪಟ್ಟಿಯನ್ನು ಠಾಣೆಗೆ ಕಳಿಸುವುದು ಯಾವ ಗೌರವ?

ಅದೇ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿ, ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಹಾಕಿದರು. ಅಂದು ಮಗುವನ್ನು ಶಾಲೆಯ ಹೊರಗಿಟ್ಟವನಿಗೆ ದಂಡ. ಇಂದು ಮಗುವನ್ನು ಹೊರಗೆ ಹಾಕಿದ ಶಾಲೆಗೆ ‘ಶೇಕಡಾ ನೂರು ಫಲಿತಾಂಶ’ದ ಸನ್ಮಾನ.

ಇನ್ನೊಬ್ಬರ ಹೆಸರು ಹೇಳುತ್ತೇನೆ. ಇಚಲಕರಂಜಿಯಿಂದ ಅನತಿ ದೂರದ ಕುಂಭೋಜದಲ್ಲಿ 1887ರಲ್ಲಿ ಒಬ್ಬ ಹುಡುಗ ಹುಟ್ಟಿದ. ಅವನ ಮನೆತನದ ಮೂಲ ನಮ್ಮ ಮೂಡುಬಿದಿರೆ. ಓದಿಗಿಂತ ಕುಸ್ತಿಯಲ್ಲಿ ಹೆಚ್ಚು ಆಸಕ್ತಿ. ಕೊಲ್ಹಾಪುರದ ಬೋರ್ಡಿಂಗಿನಲ್ಲಿದ್ದಾಗ ಅಲ್ಲಿಯ ಶಿಸ್ತಿಗೆ ಹೊಂದದವನೆಂದು ಹೊರಹಾಕಿಸಿಕೊಂಡ. ಅವನ ‘ಅಪರಾಧ’ಗಳಲ್ಲಿ ದೊಡ್ಡದು, ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದು ಸ್ನಾನ ಮಾಡಲು ಒಪ್ಪದಿದ್ದುದು. ಅವನಿಗೆ ಆಶ್ರಯ ಕೊಟ್ಟವರು ಶಾಹೂ ಮಹಾರಾಜರು. ಆ ಹುಡುಗನೇ ಮುಂದೆ ಕರ್ಮವೀರ ಭಾವುರಾವ ಪಾಟೀಲರಾಗಿ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರೆಯ ತಮ್ಮ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಬಡ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ, ದುಡಿದು ಕಲಿಯುವ ದಾರಿ ತೋರಿಸಿದರು. ಶಿಸ್ತಿಗೆ ಹೊಂದದ ಎಲ್ಲ ಹುಡುಗರೂ ಭಾವುರಾವರಾಗುತ್ತಾರೆಂದು ನಾನು ಹೇಳುತ್ತಿಲ್ಲ. ಹೊರಹಾಕಿದ ದಿನ ಯಾರ ಬಾಗಿಲು ತೆರೆಯುತ್ತದೆ ಎಂಬುದರ ಮೇಲೆ ಬದುಕು ನಿಂತಿದೆ ಎನ್ನುತ್ತೇನೆ. ಅಂದು ತೆರೆದದ್ದು ಅರಮನೆಯ ಬಾಗಿಲು. ಇಂದು ತೆರೆಯುವುದು ದಾದಾನ ಅಡ್ಡೆಯ ಬಾಗಿಲು.

ಟೋಳಿ ಏನು ಕೊಡುತ್ತದೆ?

ಷಿಕಾಗೋ ನಗರದ 1,313 ಟೋಳಿಗಳನ್ನು ಅಭ್ಯಸಿಸಿ ಥ್ರಾಶರ್ ಎಂಬ ಸಮಾಜಶಾಸ್ತ್ರಜ್ಞ 1927ರಲ್ಲಿಯೇ ಒಂದು ಗ್ರಂಥ ಬರೆದ. ಟೋಳಿಗಳು ಹುಟ್ಟುವುದು ಮಕ್ಕಳ ಆಟದ ಗುಂಪುಗಳಿಂದ; ಮನೆ, ಶಾಲೆ, ಗುಡಿಗಳ ಹಿಡಿತ ಸಡಿಲಾದ ಸಂದಿಗಳಲ್ಲಿ ಅವು ಬೆಳೆಯುತ್ತವೆ; ಎದುರು ಗುಂಪಿನೊಡನೆ ಸಂಘರ್ಷ ಬಂದಾಗ ಗಟ್ಟಿಯಾಗುತ್ತವೆ ಎಂಬುದು ಅವನ ಸಿದ್ಧಾಂತದ ಸಾರ. ಅವನು ಇಚಲಕರಂಜಿಯನ್ನು ನೋಡಿರಲಿಲ್ಲ. ಆದರೂ ನೋಡಿದಂತೆ ಬರೆದಿದ್ದಾನೆ.

ನಮ್ಮ ಇಚಲಕರಂಜಿಗೆ ಮೊದಲ ವಿದ್ಯುನ್ಮಗ್ಗ ಬಂದದ್ದು 1904ರಲ್ಲಿ. ಇಂದು ಲಕ್ಷಕ್ಕೂ ಮಿಕ್ಕಿದ ಮಗ್ಗಗಳ ಖಟಖಟ ಸದ್ದಿನಲ್ಲಿ ಊರು ಬದುಕುತ್ತಿದೆ. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಜನ ಈ ಮಗ್ಗಗಳ ಮುಂದೆ ನಿಂತಿದ್ದಾರೆ. ಹನ್ನೆರಡು ತಾಸಿನ ಎರಡು ಪಾಳಿ. ಹಗಲುಪಾಳಿಯ ತಂದೆ ಮನೆಗೆ ಬರುವಾಗ ಮಗ ಬೀದಿಯಲ್ಲಿ. ರಾತ್ರಿಪಾಳಿಯ ತಂದೆ ಮಲಗಿದಾಗ ಮಗ ಶಾಲೆಯಲ್ಲಿ, ಅಥವಾ ಶಾಲೆಯೆಂದು ಹೇಳಿ ಹೋದಲ್ಲಿ. ಹತ್ತು ಅಡಿಯ ಕೋಣೆಯಲ್ಲಿ ಐದು ಜನ. ಬೀದಿಯೇ ಹುಡುಗನ ಪಡಸಾಲೆ.

ಈ ಹುಡುಗನ ಭಾಷೆಯ ಸ್ಥಿತಿಯನ್ನು ಸಾಹಿತ್ಯದ ಈ ಸಭೆ ಗಮನವಿಟ್ಟು ಕೇಳಬೇಕು. ಮನೆಯಲ್ಲಿ ಜವಾರಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾರಖಾನೆಯ ಓಣಿಯಲ್ಲಿ ಹಿಂದಿ. ಮೂರೂ ಬಾಯಿಗೆ ಬರುತ್ತವೆ, ಒಂದೂ ಕಣ್ಣಿಗೆ ಬರುವುದಿಲ್ಲ. ಆರನೇ ಇಯತ್ತೆಗೆ ಬಂದರೂ ಪುಟವೊಂದನ್ನು ಸರಾಗವಾಗಿ ಓದಲಾರದ ಮಗು ಮಾಸ್ತರರು “ಎದ್ದು ಓದು” ಎಂದಾಗ ಏನು ಮಾಡಬೇಕು? ತಡವರಿಸಿದರೆ ಹಿಂದಿನ ಬೆಂಚಿನಿಂದ “ಏ ಕಾನಡಿ” ಎಂಬ ಕೂಗು. ಆಗ ಅದು ಒಂದನ್ನು ಕಂಡುಕೊಳ್ಳುತ್ತದೆ: ಓದು ಬಾರದವನೆನ್ನಿಸಿಕೊಳ್ಳುವುದಕ್ಕಿಂತ ಪುಂಡನೆನ್ನಿಸಿಕೊಳ್ಳುವುದು ಮೇಲು. ದಡ್ಡನನ್ನು ನೋಡಿ ನಗುತ್ತಾರೆ, ಪುಂಡನನ್ನು ನೋಡಿ ಯಾರೂ ನಗುವುದಿಲ್ಲ. ಇದಕ್ಕೆ ಮರಾಠಿ ಬಾಂಧವರನ್ನು ದೂರುವುದು ಅನ್ಯಾಯ. ಅವರ ಮಗ್ಗದ ಕಾರ್ಮಿಕನ ಮಗನದೂ ಇದೇ ಪಾಡು. ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ನೇಕಾರನ ಮಗನದು ಇನ್ನೂ ಹೆಚ್ಚಿನ ಪಾಡು. ಈ ಮೂವರೂ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂಡುತ್ತಾರೆ. ಟೋಳಿಯಲ್ಲಿ ಭಾಷೆಯ ಗಡಿ ಇಲ್ಲ. ಭಾಷಾಬಾಂಧವ್ಯದ ಭಾಷಣ ಮಾಡುವ ನಾವು ಇದನ್ನು ನೋಡಿ ನಾಚಬೇಕು.

ಶಾಲೆ ‘ದಡ್ಡ’, ‘ಹುಂಬ’, ‘ಕಾನಡಿ’ ಎಂದು ಕರೆದವನನ್ನು ಟೋಳಿ ‘ಭಾಯ್’ ಎನ್ನುತ್ತದೆ. ಒಂದು ಅಡ್ಡಹೆಸರು ಕೊಡುತ್ತದೆ, ಒಂದು ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಕೊಡುತ್ತದೆ, ಹೊಡೆತ ಬಿದ್ದರೆ ಹಿಂದೆ ಹತ್ತು ಜನರಿದ್ದಾರೆಂಬ ಧೈರ್ಯ ಕೊಡುತ್ತದೆ. ಇವೆಲ್ಲ ಸುಳ್ಳು ನಾಣ್ಯಗಳೆಂದು ನಮಗೆ ಗೊತ್ತು. ಆದರೆ ಖರೆ ನಾಣ್ಯವನ್ನು ನಾವು ಕೊಟ್ಟಿದ್ದರೆ ತಾನೆ ಅವನಿಗೆ ವ್ಯತ್ಯಾಸ ತಿಳಿಯುವುದು?

ದಾದಾನ ಲೆಕ್ಕಾಚಾರ

ಹುಡುಗರ ಟೋಳಿ ತಾನಾಗಿ ಬೆಳೆಯುವುದಿಲ್ಲ. ಅದರ ಮೇಲೆ ಒಬ್ಬ ಪ್ರೌಢನ ನೆರಳು ಇರುತ್ತದೆ. ಅವನಿಗೆ ಮಂಡಳದ ವರ್ಗಣಿ ಎತ್ತಲು, ಫ್ಲೆಕ್ಸ್ ಕಟ್ಟಲು, ಚುನಾವಣೆಯಲ್ಲಿ ಓಣಿ ಕಾಯಲು, ಬಾಕಿ ವಸೂಲಿಗೆ ಬಾಗಿಲಲ್ಲಿ ನಿಲ್ಲಲು ಹುಡುಗರು ಬೇಕು. “ಹದಿನೆಂಟರ ಒಳಗೆ ಏನೂ ಆಗುವುದಿಲ್ಲ, ನಾಲ್ಕು ದಿನ ಇದ್ದು ಬರುತ್ತೀ” ಎಂದು ಕಿವಿಯಲ್ಲಿ ಊದುವವನು ಅವನೇ. ಇದು ಹಸೀ ಸುಳ್ಳು. 2016ರ ಜನವರಿಯಿಂದ ಜಾರಿಯಲ್ಲಿರುವ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ ಬಾಲನ್ಯಾಯ ಮಂಡಳಿಯು ಅವನ ತಿಳಿವಳಿಕೆ, ಪರಿಸ್ಥಿತಿಗಳನ್ನು ಪರಿಶೀಲಿಸಿ ಪ್ರೌಢನಂತೆ ವಿಚಾರಣೆಗೆ ಒಪ್ಪಿಸಬಹುದು. ಈ ಸಂಗತಿಯನ್ನು ಎಂಟನೇ ಇಯತ್ತೆಯಿಂದಲೇ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಅದಕ್ಕಿಂತ ಮುಖ್ಯವಾದ ಕಲಮು ಒಂದಿದೆ. ಅದೇ ಕಾಯ್ದೆಯ 83ನೆಯ ಕಲಮಿನಂತೆ ಮಕ್ಕಳನ್ನು ಅಕ್ರಮ ಕೆಲಸಗಳಿಗೆ ಬಳಸುವ ಪ್ರೌಢನಿಗೆ ಏಳು ವರ್ಷಗಳವರೆಗೆ ಕಠಿಣ ಕಾರಾವಾಸ, ಐದು ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೆಯ ಕಲಮು ಅಪರಾಧಕ್ಕೆ ಮಗುವನ್ನು ನೇಮಿಸಿಕೊಂಡವನಿಗೆ ಕನಿಷ್ಠ ಮೂರು, ಗರಿಷ್ಠ ಹತ್ತು ವರ್ಷಗಳ ಶಿಕ್ಷೆ ವಿಧಿಸುತ್ತದೆ. ಹುಡುಗ ಸಿಕ್ಕಾಗ ಪತ್ರಿಕೆಯಲ್ಲಿ ದೊಡ್ಡಕ್ಷರ. ಹುಡುಗನ ಕೈಗೆ ಕೊಯ್ತಾ ಕೊಟ್ಟವನ ಮೇಲೆ ಈ ಕಲಮುಗಳನ್ನು ಹಚ್ಚಿರಿ ಎಂದು ಕೇಳಲು ಯಾವ ಪಾಲಕರ ನಿಯೋಗ ಠಾಣೆಗೆ ಹೋಗಿದೆ? ಹೋಗುವುದಂತಿರಲಿ, ಅದೇ ದಾದಾನನ್ನು ಶಾಲೆಯ ಸ್ನೇಹಸಮ್ಮೇಳನಕ್ಕೆ ಅತಿಥಿಯಾಗಿ ಕರೆದು ಶಾಲು ಹೊದಿಸುತ್ತೇವೆ. ಅವನು ಶಾಲೆಗೆ ಫಂಖೆ ಕೊಟ್ಟಿದ್ದಾನಂತೆ! ಫಂಖೆಯ ಗಾಳಿಗೆ ನಮ್ಮ ವಿವೇಕ ಹಾರಿಹೋಯಿತು. ಶಿಕ್ಷಣ ಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯ್ದೆ ಹೇಳುತ್ತದೆ; ಮಹಾರಾಷ್ಟ್ರದಲ್ಲಿ 2012ರಿಂದ ಗುಟಖಾ ನಿಷಿದ್ಧ. ಆದರೂ ಗೇಟಿನ ಎದುರಿನ ಟಪರಿಯಲ್ಲಿ ಮಾವಾ ತಿಕ್ಕುವ ಸದ್ದು ಪ್ರಾರ್ಥನೆಯ ವೇಳೆಗೆ ಕೇಳಿಸುತ್ತದೆ. ಟೋಳಿಯ ಬಾಲವಾಡಿ ಅದೇ.

ಪೆಟ್ಟು ತಿಂದವನ ತಾಯಿಗೆ ಏನು ಉತ್ತರ?

“ಹೊಡೆದವನ ಪರವಾಗಿ ಇಷ್ಟು ಬರೆದಿರಿ, ಹೊಡೆಸಿಕೊಂಡವನ ಗತಿ ಏನು?” ಎಂದು ಯಾರಾದರೂ ಕೇಳುವುದು ನ್ಯಾಯವಾಗಿಯೇ ಇದೆ. ಉತ್ತರ ಸ್ಪಷ್ಟವಿರಲಿ. ಶಾಲೆಗೆ ಆಯುಧ ಬಂದರೆ ಅದನ್ನು ಮುಚ್ಚಿಡುವ ಅಧಿಕಾರ ಯಾವ ಮುಖ್ಯಾಧ್ಯಾಪಕನಿಗೂ ಇಲ್ಲ. ಗಾಯಾಳುವನ್ನು ಆ ಕ್ಷಣವೇ ದವಾಖಾನೆಗೆ ಒಯ್ಯಬೇಕು. ಪಾಲಕರು ಬರಲಿ ಎಂದು ಕಾಯಬಾರದು. ಪ್ರತಿ ಠಾಣೆಯಲ್ಲಿ ಬಾಲ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವರಿಗೆ ಸುದ್ದಿ ಮುಟ್ಟಬೇಕು. ಎರಡೂ ಪಕ್ಷದ ಪಾಲಕರನ್ನು ಬೇರೆ ಬೇರೆಯಾಗಿ ಕರೆಸಬೇಕು. ಪೆಟ್ಟು ತಿಂದವನು ಶಾಲೆ ಬದಲಿಸುವಂತಾಗಬಾರದು. ಅವನ ದಾರಿಯಲ್ಲಿ, ಅವನ ವರ್ಗದಲ್ಲಿ ರಕ್ಷಣೆ ಇರಬೇಕು. ಹೊಡೆದವನು ತಪ್ಪಿನ ಫಲವನ್ನು ಉಣ್ಣಲೇಬೇಕು: ಕೆಲವು ಕಾಲ ಬೇರೆ ವರ್ಗ, ನಷ್ಟಭರ್ತಿ, ನಿತ್ಯ ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಇರುವ ಕಟ್ಟಳೆ, ಅಪರಾಧ ದೊಡ್ಡದಿದ್ದರೆ ಮಂಡಳಿಯ ತೀರ್ಪು. ಇದೆಲ್ಲ ಶಿಕ್ಷೆಯೇ. ಆದರೆ ಶಿಕ್ಷೆ ಬೇರೆ, ಕೈತೊಳೆದುಕೊಳ್ಳುವುದು ಬೇರೆ. ಶಾಲೆಗಳು ಇಂದು ಮಾಡುತ್ತಿರುವುದು ಎರಡು ತಪ್ಪು: ಹೆಸರು ಕೆಡುತ್ತದೆಂದು ಘಟನೆಯನ್ನು ಮುಚ್ಚುತ್ತವೆ, ಹೆಸರು ಉಳಿಯಲೆಂದು ಹುಡುಗನನ್ನು ಅಳಿಸುತ್ತವೆ.

ಒಂದು ಜಗಳದ ನಿಜವಾದ ಅಪಾಯವಿರುವುದು ಅದರ ಮುಂದಿನ ದಿನಗಳಲ್ಲಿ, ‘ಬದಲಾ’ದಲ್ಲಿ. ಬೋಸ್ಟನ್ ನಗರದಲ್ಲಿ 1996ರಲ್ಲಿ ಪೊಲೀಸರು, ಪಾದ್ರಿಗಳು, ಬೀದಿಯ ಸಮಾಜಸೇವಕರು ಕೂಡಿ, ಪರಸ್ಪರ ಸೇಡಿನಲ್ಲಿದ್ದ ಟೋಳಿಗಳನ್ನು ಎದುರಿಗೆ ಕೂಡಿಸಿಕೊಂಡು ಎರಡು ಮಾತು ಹೇಳಿದರು: ಇನ್ನೊಂದು ಗುಂಡು ಹಾರಿದರೆ ಇಡೀ ಟೋಳಿಯ ಮೇಲೆ ಕಾನೂನು ಬೀಳುತ್ತದೆ, ಬಿಡಬೇಕೆಂದವನಿಗೆ ಕೆಲಸ, ಓದು, ನೆರವು ಇಲ್ಲಿದೆ. ಅಲ್ಲಿ ಯುವಕರ ಕೊಲೆಗಳು ತಿಂಗಳ ಸರಾಸರಿಯಲ್ಲಿ ಶೇಕಡಾ 63ರಷ್ಟು ಇಳಿದುದನ್ನು ಹಾರ್ವರ್ಡಿನ ಸಂಶೋಧಕರು ದಾಖಲಿಸಿದ್ದಾರೆ. ಚೂರಿ ಇರಿತಕ್ಕೆ ಕುಖ್ಯಾತವಾಗಿದ್ದ ಗ್ಲಾಸ್ಗೋ ನಗರದ ಪೊಲೀಸರು 2005ರಲ್ಲಿ ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ಕಂಡು, ಹರಡುವ ದಾರಿಯನ್ನೇ ಕಟ್ಟುವ ಪ್ರತ್ಯೇಕ ವಿಭಾಗ ತೆರೆದರು. ಕಾನೂನಿನ ಕೈ, ಕರುಣೆಯ ಕೈ ಎರಡೂ ಒಂದೇ ದೇಹದವಾಗಿರಬೇಕು ಎಂಬುದು ಇವುಗಳ ಪಾಠ. ನಮ್ಮಲ್ಲಿ ಒಂದು ಕೈ ಠಾಣೆಯಲ್ಲಿದೆ. ಇನ್ನೊಂದು ಎಲ್ಲಿಯೂ ಇಲ್ಲ.

ನಮ್ಮಲ್ಲಿಯೇ ಇರುವ ಬಂಡವಾಳ

ನಮಗೆ ಬೋಸ್ಟನ್ನಿನಿಂದ ಪಾದ್ರಿಗಳನ್ನು ತರುವ ಅವಶ್ಯಕತೆ ಇಲ್ಲ. ಕೊಲ್ಹಾಪುರದ ಪೇಟೆಪೇಟೆಗೂ ತಾಲೀಮು ಇದೆ. ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ್ದು ಪೈಲ್ವಾನರ ಸಲುವಾಗಿ. ತಾಲೀಮಿನ ಮೊದಲ ನಿಯಮವೇ ಕೆಂಪುಮಣ್ಣಿಗೆ ನಮಸ್ಕರಿಸುವುದು. ಎರಡನೆಯದು ವಸ್ತಾದರ ಮಾತು ಮೀರದಿರುವುದು. ಮೂರನೆಯದು ಕಲಿತ ಪಟ್ಟನ್ನು ಬೀದಿಯಲ್ಲಿ ಹಾಕದಿರುವುದು. ಬಲವುಳ್ಳ ಹುಡುಗನಿಗೆ ಬಲವನ್ನು ತಡೆಹಿಡಿಯುವುದೇ ಮರ್ಯಾದೆ ಎಂದು ಕಲಿಸಿದ ಸಂಸ್ಥೆಯದು. ಪಾಟಾಕಡೀಲ, ಬಾಲಗೋಪಾಲ, ದಿಲಬಹಾರ ಮೊದಲಾದ ತಾಲೀಮುಗಳು ಇಂದು ಫುಟ್ಬಾಲ್ ತಂಡಗಳಿಂದ ಹೆಸರಾಗಿವೆ. ಗಡಹಿಂಗ್ಲಜವಂತೂ ಫುಟ್ಬಾಲಿನ ಊರೆಂದೇ ಪ್ರಸಿದ್ಧಿ. ಪೇಟೆಗಳ ಪೈಪೋಟಿಯನ್ನು ತೊಂಬತ್ತು ನಿಮಿಷಗಳಿಗೆ, ಒಂದು ಸೀಟಿಗೆ, ಒಂದು ಚೆಂಡಿಗೆ ಕಟ್ಟಿಹಾಕುವ ಜಾಣತನ ನಮ್ಮ ಜನರದು. ಪ್ರೇಕ್ಷಕರ ನಡುವೆ ಕೈಮಿಲಾಯಿಸುವಿಕೆ ಆದದ್ದುಂಟು. ಆದರೂ ಸೀಟಿ ಇರುವ ಜಗಳ ಸೀಟಿ ಇಲ್ಲದ ಜಗಳಕ್ಕಿಂತ ಸಾವಿರ ಪಾಲು ಲೇಸು. ಆಟದ ತಾಸನ್ನು ಗಣಿತದ ಹೆಚ್ಚುವರಿ ತಾಸಿಗೆ ದಾನ ಮಾಡುವ ಮುಖ್ಯಾಧ್ಯಾಪಕರು ಇದನ್ನು ಯೋಚಿಸಬೇಕು.

ಶಾಲೆಗಳಿಗೆ ನನ್ನ ಬೇಡಿಕೆ ನಾಲ್ಕೇ. ಒಂದು, ಒಂಬತ್ತನೇ ಇಯತ್ತೆಯಲ್ಲಿ ಯಾವ ಹುಡುಗನಿಗೂ ದಾಖಲಾ ಕೊಡುವ ಮೊದಲು, 17 ನಂಬರಿನ ಫಾರ್ಮು ತುಂಬಿಸುವ ಮೊದಲು, ಅವನು ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾನೆಂದು ಲಿಖಿತವಾಗಿ ದಾಖಲಿಸಬೇಕು. ಎರಡು, ಐದನೇ ಇಯತ್ತೆಗೆ ಬಂದ ಪ್ರತಿ ಮಗುವಿನ ಓದನ್ನು ಎದುರಿಗೆ ಕೂಡಿಸಿಕೊಂಡು ಪರೀಕ್ಷಿಸಿ, ತಡವರಿಸುವವನಿಗೆ ಆ ವರ್ಷವೇ ಪ್ರತ್ಯೇಕವಾಗಿ ಓದಿಸಬೇಕು. ಮೂರು, ಸತತ ಮೂರು ದಿನ ಗೈರುಹಾಜರಾದವನ ಮನೆಗೆ ಒಬ್ಬ ಶಿಕ್ಷಕರು ಹೋಗಿ ಬರಬೇಕು. ನಾಲ್ಕು, ಸಣ್ಣ ಕಿರುಕುಳವನ್ನು ಸಣ್ಣದಿರುವಾಗಲೇ ಹಿಡಿಯಬೇಕು. ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ 1983ರಿಂದ 1985ರವರೆಗೆ ಓಲ್ವೇಯಸ್ ಎಂಬ ವಿದ್ವಾಂಸರು 42 ಶಾಲೆಗಳಲ್ಲಿ ಇಂಥ ಪ್ರಯೋಗ ನಡೆಸಿದಾಗ ಮಕ್ಕಳ ಪರಸ್ಪರ ಕಿರುಕುಳ ಅರ್ಧದಷ್ಟು ಇಳಿಯಿತು. ಅವರು ಮಾಡಿಸಿದ್ದು ಮಂತ್ರವನ್ನಲ್ಲ: ಬಿಡುವಿನ ವೇಳೆ ಹಿರಿಯರ ಕಣ್ಣು, ವರ್ಗದಲ್ಲಿ ಎಲ್ಲರೂ ಒಪ್ಪಿದ ನಿಯಮ, ಪಾಲಕರೊಡನೆ ಗಂಭೀರ ಮಾತು.

ಇನ್ನು ನಮ್ಮ ಸಂಘಗಳ ಪಾಲು. ಕನ್ನಡ ವರ್ಗಗಳು ಕರಗುತ್ತಿವೆ ಎಂದು ಪ್ರತಿ ಸಮ್ಮೇಳನದಲ್ಲಿಯೂ ಠರಾವು ಆಗುತ್ತದೆ. ಠರಾವಿಗೆ ಮಕ್ಕಳು ಬರುವುದಿಲ್ಲ, ಕರೆದರೆ ಬರುತ್ತಾರೆ. ಸಂಘಕ್ಕೆ ಒಂದು ಕೋಣೆ ಇದ್ದರೆ ಅದನ್ನು ಸಂಜೆ ಐದರಿಂದ ಎಂಟರವರೆಗೆ ಮಗ್ಗದ ಕಾರ್ಮಿಕರ ಮಕ್ಕಳಿಗೆ ಅಭ್ಯಾಸಿಕೆಯಾಗಿ ತೆರೆಯಬಾರದೇಕೆ? ಅಲ್ಲಿ ಕನ್ನಡವನ್ನೂ ಓದಿಸಲಿ, ಮರಾಠಿಯನ್ನೂ ಓದಿಸಲಿ. ಮರಾಠಿಯ, ಹಿಂದಿಯ ಮನೆಯ ಮಗು ಬಂದರೂ ಕೂಡಿಸಲಿ. ನಿವೃತ್ತ ಶಿಕ್ಷಕರು ನಮ್ಮಲ್ಲಿ ಕಡಿಮೆಯೇ? ಬೆಳಗಿನ ವಾಕಿಂಗಿನಲ್ಲಿ ಪಿಂಚಣಿಯ ತುಟ್ಟಿಭತ್ಯದ ಲೆಕ್ಕ ಹಾಕುವ ನಾವು ವಾರಕ್ಕೆ ಎರಡು ಸಂಜೆ ಕೊಟ್ಟರೆ ಒಂದು ಓಣಿಯ ಹುಡುಗರು ಉಳಿಯುತ್ತಾರೆ. ಸನ್ಮಾನದ ಹಾರ, ಶಾಲು, ಸ್ಮರಣಿಕೆಗಳಿಗೆ ತೆಗೆದಿಟ್ಟ ಹಣದಲ್ಲಿ ಅರ್ಧ ತೆಗೆದರೆ ಒಂದು ವರ್ಷದ ದೀಪ, ಚಾಪೆ, ಪುಸ್ತಕಗಳ ಖರ್ಚು ಸಾಗೀತು. ಕಾಯಕದ ಬಗ್ಗೆ ನಮ್ಮಷ್ಟು ಮಾತಾಡಿದ ಜನ ಬೇರೆ ಯಾರೂ ಇರಲಿಕ್ಕಿಲ್ಲ. ಮಾಡಲು ಇದಕ್ಕಿಂತ ಹತ್ತಿರದ ಕಾಯಕ ಯಾವುದಿದೆ?

ಆದ್ದರಿಂದ ಈ ಸಮ್ಮೇಳನದ ಬಹಿರಂಗ ಅಧಿವೇಶನಕ್ಕೆ ನನ್ನ ಸೂಚನೆ ಇಷ್ಟು. ಸಾಲುಸಾಲು ಠರಾವುಗಳ ನಡುವೆ ಒಂದನ್ನು ಹೀಗೆ ಬರೆದುಕೊಳ್ಳಲಿ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಊರುಗಳಲ್ಲಿ ಮುಂದಿನ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಒಂದೊಂದು ಸಂಜೆಯ ಅಭ್ಯಾಸಿಕೆ ತೆರೆಯತಕ್ಕದ್ದು, ಅದರ ಮೊದಲ ಪ್ರವೇಶಗಳು ಶಾಲೆಗಳು ಹೆಸರು ಹೊಡೆದ ಹುಡುಗರವು ಆಗತಕ್ಕದ್ದು. ಸೂಚಕರ ಹೆಸರು ನನ್ನದಿರಲಿ. ಅನುಮೋದಕರು ಕೈ ಎತ್ತುವ ಮೊದಲು ವಾರದ ಯಾವ ಎರಡು ಸಂಜೆ ತಮ್ಮವು ಎಂಬುದನ್ನು ಆ ಕಾಗದದ ಮೇಲೆಯೇ ಬರೆದು ಸಹಿ ಹಾಕಲಿ.